ಹಳೆಯ 2666 ರ‍್ಯಾಮ್ ಜೊತೆ 3200 ಹಾಕಬಹುದಾ? ಗೆಳೆಯ ಕೊಡುವ 2400 ಸಾಕಾ?

ಲಗ್ನಪತ್ರಿಕೆ ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನದು ದಾವಣಗೆರೆಯಲ್ಲಿ ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಕಂಪ್ಯೂಟರ್ 2019ರಲ್ಲಿ ಜೋಡಿಸಿದ್ದು. ಇಂಟೆಲ್ ಐ5-9400 ಪ್ರೊಸೆಸರ್, ಎಚ್310 ಮದರ್‌ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್. ಅದು ಡಿಡಿಆರ್4 ಪೀಳಿಗೆಯದು, ಸ್ಪೀಡ್ 2666. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಬೋರ್ಡ್‌ನಲ್ಲಿ ಎರಡೇ ಸ್ಲಾಟ್, ಒಂದು ಖಾಲಿ ಇದೆ.

ಕೋರೆಲ್‌ಡ್ರಾ, ಫೋಟೋಶಾಪ್, ಜೊತೆಗೆ ಬ್ರೌಸರ್‌ನಲ್ಲಿ ವಾಟ್ಸಾಪ್ ತೆರೆದರೆ ಸಾಕು, ಮೌಸ್ ಕೂಡ ತಡವರಿಸುತ್ತದೆ. ಮದುವೆ ಸೀಸನ್ ಬಂತು. ಗಿರಾಕಿ ಪಕ್ಕದಲ್ಲೇ ಕೂತು "ಆ ಗಣಪತಿ ಸ್ವಲ್ಪ ದೊಡ್ಡದು ಮಾಡಿ" ಅನ್ನುವಾಗ ಸ್ಕ್ರೀನ್ ನಿಂತುಬಿಟ್ಟರೆ ಕಷ್ಟ.

ಒಬ್ಬ ಅಂಗಡಿಯವರು "3200 ಹಾಕಿ, ಸ್ಪೀಡ್ ಜಾಸ್ತಿ ಆಗುತ್ತದೆ" ಅಂದರು. ಇನ್ನೊಬ್ಬರು "2666 ಬಿಟ್ಟು ಬೇರೆ ಹಾಕಿದರೆ ಬೋರ್ಡ್ ಸುಟ್ಟುಹೋಗುತ್ತದೆ" ಅಂದರು. ಈ ನಡುವೆ ಗೆಳೆಯನ ಹತ್ತಿರ 8 ಜಿಬಿಯ 2400 ಸ್ಟಿಕ್ ಸುಮ್ನೆ ಬಿದ್ದಿದೆ, ತಗೋ ಅನ್ನುತ್ತಿದ್ದಾನೆ. ಯಾವುದನ್ನು ನಂಬಲಿ?

ಕರಾವಳಿ ಕೋಡರ್

ಬೋರ್ಡ್ ಸುಡುವುದಿಲ್ಲ ಸರ್, ಆ ಭಯ ಬಿಡಿ. ಡಿಡಿಆರ್4 ಬೋರ್ಡ್‌ಗೆ ಡಿಡಿಆರ್4 ಸ್ಟಿಕ್ ಹಾಕುತ್ತಿದ್ದೀರಿ ಅಷ್ಟೇ. ಎರಡು ಸ್ಟಿಕ್‌ಗಳ ಸ್ಪೀಡ್ ಬೇರೆ ಬೇರೆ ಇದ್ದರೆ ಎರಡೂ ನಿಧಾನದ್ದರ ಜೊತೆ ಓಡುತ್ತವೆ. ಜೋಡೆತ್ತಿನ ಬಂಡಿ ಇದ್ದ ಹಾಗೆ. ಒಂದು ಎತ್ತು ಮಾತ್ರ ಓಡಲು ಆಗುವುದಿಲ್ಲ.

ಹಾಕಬಾರದ್ದು ಡಿಡಿಆರ್3 ಮತ್ತು ಡಿಡಿಆರ್5. ಹಾಕಲು ಹೋದರೂ ಕೂರುವುದಿಲ್ಲ. ಡಿಡಿಆರ್3ರಲ್ಲಿ 240 ಪಿನ್, ಡಿಡಿಆರ್4ರಲ್ಲಿ 288. ಡಿಡಿಆರ್5ರಲ್ಲೂ 288 ಪಿನ್ ಇದೆ, ಆದರೆ ನಡುವಿನ ಸೀಳು ಬೇರೆ ಜಾಗದಲ್ಲಿದೆ. ಸುಲಭವಾಗಿ ಕೂರದಿದ್ದರೆ ಒತ್ತಬೇಡಿ, ಮೊದಲು ಸೀಳು ನೋಡಿ.

ತುಮಕೂರು ಎಂಜಿನಿಯರಿಂಗ್ ಹುಡುಗ

3200 ತಗೊಳ್ಳಿ ಅಣ್ಣಾ. ನಾಳೆ ಬೋರ್ಡ್ ಬದಲಾಯಿಸಿದರೂ ಉಪಯೋಗಕ್ಕೆ ಬರುತ್ತದೆ.

ಹುಬ್ಬಳ್ಳಿ ಪಿಸಿ ರಿಪೇರಿ

ತಮ್ಮ ಹೇಳಿದ್ದು ಅರ್ಧ ಸರಿ. "3200 ತಗೊಳ್ಳಿ" ಅಂತ ಅಷ್ಟಕ್ಕೇ ನಿಲ್ಲಿಸಬೇಡಿ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ನಿಮ್ಮ ಯಂತ್ರದ ಮಿತಿ. ಐ5-9400ಗೆ ಇಂಟೆಲ್ ಹೇಳಿರುವ ಮೆಮೊರಿ ಸ್ಪೀಡ್ ಡಿಡಿಆರ್4-2666. ಎಚ್310 ಚಿಪ್‌ಸೆಟ್‌ನಲ್ಲಿ ಮೆಮೊರಿ ಓವರ್‌ಕ್ಲಾಕ್ (ಹೇಳಿದ ಮಿತಿ ಮೀರಿ ಓಡಿಸುವುದು) ಇಲ್ಲ. ಅಂದರೆ ನೀವು 3200 ಹಾಕಿ, 3600 ಹಾಕಿ, ಓಡುವುದು ಹೆಚ್ಚೆಂದರೆ 2666. ಬಿ360, ಎಚ್410, ಬಿ460 ಬೋರ್ಡ್‌ಗಳಲ್ಲೂ ಪ್ರೊಸೆಸರ್‌ಗೆ ಹೇಳಿದ ಸ್ಪೀಡ್ ದಾಟಲು ಆಗುವುದಿಲ್ಲ. ಇಂಟೆಲ್ ಕಡೆ ಬಿ ಸಾಲಿಗೆ ಈ ಬಾಗಿಲು ತೆರೆದದ್ದು 2021ರಲ್ಲಿ ಬಂದ ಬಿ560ರಿಂದ.

ಈಗ ಮುಖ್ಯ ಮಾತು. ಮಾರುಕಟ್ಟೆಯಲ್ಲಿ "3200" ಅಂತ ಬರೆದ ಸ್ಟಿಕ್‌ಗಳಲ್ಲಿ ಎರಡು ಜಾತಿ ಇವೆ.

ಒಂದು ಜಾತಿ ಹುಟ್ಟಿನಿಂದಲೇ 3200. ಜೆಡೆಕ್ ಅಂತ ಮೆಮೊರಿಗೆ ಅಳತೆ ಗೊತ್ತುಮಾಡುವ ಸಂಸ್ಥೆ ಇದೆ. ಅದರ ಲೆಕ್ಕದಂತೆ 1.2 ವೋಲ್ಟ್‌ನಲ್ಲೇ 3200 ಓಡುತ್ತದೆ. ಸಾಮಾನ್ಯವಾಗಿ ಸಿಎಲ್ (ಮಾಹಿತಿ ಕೊಡುವ ಮೊದಲು ಕಾಯುವ ಸುತ್ತು) 22 ಅಂತ ಇರುತ್ತದೆ. ನೋಡಲು ಸಾದಾ, ಹಸಿರು ಅಥವಾ ಕಪ್ಪು ಪಟ್ಟಿ, ಮೇಲೆ ತಗಡಿನ ಹೊದಿಕೆ ಇರುವುದಿಲ್ಲ. ಇದನ್ನು ನಿಮ್ಮ ಬೋರ್ಡ್‌ಗೆ ಹಾಕಿದರೆ ತಾನಾಗಿಯೇ 2666ಕ್ಕೆ ಇಳಿದು ಹಳೆಯ ಸ್ಟಿಕ್ ಜೊತೆ ಕೆಲಸ ಮಾಡುತ್ತದೆ.

ಇನ್ನೊಂದು ಜಾತಿ ಗೇಮಿಂಗ್ ಸ್ಟಿಕ್. ಡಬ್ಬದ ಮೇಲೆ 3200, ಸಿಎಲ್ 16, 1.35 ವೋಲ್ಟ್ ಅಂತ ಇರುತ್ತದೆ. ಆ 3200 ಬರುವುದು ಎಕ್ಸ್‌ಎಂಪಿ ಪ್ರೊಫೈಲ್ (ಸ್ಟಿಕ್‌ನಲ್ಲೇ ತುಂಬಿಟ್ಟ ಹೆಚ್ಚಿನ ಸ್ಪೀಡ್‌ನ ಸೆಟ್ಟಿಂಗ್) ಆನ್ ಮಾಡಿದಾಗ ಮಾತ್ರ. ಪ್ರೊಫೈಲ್ ಇಲ್ಲದಿದ್ದರೆ ಆ ಸ್ಟಿಕ್ ತನ್ನ ಮೂಲ ಸ್ಪೀಡ್‌ಗೆ ಬರುತ್ತದೆ. ಆ ಮೂಲ ಸ್ಪೀಡ್ ಎಷ್ಟೋ ಸ್ಟಿಕ್‌ಗಳಲ್ಲಿ 2133 ಅಥವಾ 2400! ಇದನ್ನು ನಿಮ್ಮ ಬೋರ್ಡ್‌ಗೆ ಹಾಕಿದರೆ 3200 ಅಂತ ದುಡ್ಡು ಕೊಟ್ಟು ತಂದದ್ದು ನಿಮ್ಮ ಹಳೆಯ 2666 ಸ್ಟಿಕ್ಕನ್ನೂ 2133ಕ್ಕೆ ಎಳೆಯಬಹುದು.

ಹಾಗಾಗಿ ಅಂಗಡಿಯಲ್ಲಿ "3200 ಇದೆಯಾ" ಅಂತ ಕೇಳಬೇಡಿ. "1.2 ವೋಲ್ಟ್‌ನ 3200 ಇದೆಯಾ, ಸಿಎಲ್ 22" ಅಂತ ಕೇಳಿ. ಅಥವಾ 1.2 ವೋಲ್ಟ್‌ನ 2666 ಸಿಕ್ಕರೆ ಅದೇ ಸಾಕು.

ಮಂಡ್ಯದ ಮನೆ

ಹುಬ್ಬಳ್ಳಿ ಸರ್ ಹೇಳಿದ್ದು ನನಗೆ ಆಗಿದೆ. ನನ್ನದೂ ಅದೇ ಕಾಲದ ಯಂತ್ರ. ಕೆಂಪು ಹೊದಿಕೆಯ ಚೆಂದದ ಸ್ಟಿಕ್ ತಂದೆ. ಹಾಕಿದ ಮೇಲೆ ಟಾಸ್ಕ್ ಮ್ಯಾನೇಜರ್ ನೋಡಿದರೆ 2133! ಬಯಾಸ್ (ಬೋರ್ಡ್‌ನ ಸೆಟ್ಟಿಂಗ್ ಪುಟ) ಒಳಗೆ ಹೋಗಿ ಹುಡುಕಿದೆ. ನನ್ನ ಬೋರ್ಡ್‌ನಲ್ಲಿ ಸ್ಪೀಡ್ ಬದಲಾಯಿಸುವ ಆಯ್ಕೆಯೇ ಇರಲಿಲ್ಲ. ಅಂಗಡಿಗೆ ವಾಪಸ್ ಹೋದರೆ "ಡಬ್ಬ ತೆರೆದಿದ್ದೀರಿ, ತಗೊಳ್ಳಲ್ಲ" ಅಂದರು. ಯಾರೂ ಮೊದಲೇ ಹೇಳಿರಲಿಲ್ಲ. ತುಂಬ ಬೇಜಾರಾಗಿತ್ತು.

ಲಗ್ನಪತ್ರಿಕೆ ದಾವಣಗೆರೆ

ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ. ತುಂಬ ಥ್ಯಾಂಕ್ಸ್. ಹಾಗಾದರೆ ಗೆಳೆಯನ 2400 ಸ್ಟಿಕ್ ಬೇಡವಾ? ಅದನ್ನು ಹಾಕಿದರೆ ನನ್ನ 2666 ಕೂಡ 2400 ಆಗಿಬಿಡುತ್ತದೆ. ನಷ್ಟ ಅಲ್ವಾ?

ಲೆಕ್ಕದ ಮೇಷ್ಟ್ರು

ನಷ್ಟವೋ ಲಾಭವೋ ಲೆಕ್ಕ ಹಾಕಿಯೇ ನೋಡೋಣ. ಕಷ್ಟದ ಲೆಕ್ಕವೇನಲ್ಲ.

2666 ಅಂದರೆ ಸೆಕೆಂಡಿಗೆ 2666 ಮಿಲಿಯನ್ ಸಲ ಮಾಹಿತಿ ದಾಟುತ್ತದೆ. ಪ್ರತಿ ಸಲ 8 ಬೈಟ್. ಗುಣಿಸಿದರೆ ಸುಮಾರು 21,300 ಮೆಗಾಬೈಟ್. ಸ್ಟಿಕ್ ಮೇಲೆ "ಪಿಸಿ4-21300" ಅಂತ ಬರೆದಿರುವುದು ಇದೇ ಸಂಖ್ಯೆ. ಆ ಸಂಖ್ಯೆಯನ್ನು 8ರಿಂದ ಭಾಗಿಸಿದರೆ ಸ್ಪೀಡ್ ಸಿಗುತ್ತದೆ. 19200 ಇದ್ದರೆ 2400. 25600 ಇದ್ದರೆ 3200.

ಈಗ ನಿಮ್ಮ ಯಂತ್ರದಲ್ಲಿ ಒಂದೇ ಸ್ಟಿಕ್ ಇದೆ. ಅಂದರೆ ಒಂದೇ ಚಾನೆಲ್ (ಮಾಹಿತಿ ಓಡಾಡುವ ದಾರಿ), ಸೆಕೆಂಡಿಗೆ 21.3 ಜಿಬಿ. ಗೆಳೆಯನ 2400 ಹಾಕಿದರೆ ಒಂದು ಚಾನೆಲ್‌ಗೆ 19.2 ಜಿಬಿ. ಆದರೆ ಚಾನೆಲ್ ಎರಡಾಗುತ್ತದೆ! ಒಟ್ಟು 38.4 ಜಿಬಿ. 21.3 ಎಲ್ಲಿ, 38.4 ಎಲ್ಲಿ? ನಿಮಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್ ಬಳಸುತ್ತದೆ. ಹಾಗಾಗಿ ಎರಡನೇ ಚಾನೆಲ್‌ನ ಲಾಭ ನಿಮಗೆ ಬೇರೆಯವರಿಗಿಂತ ಜಾಸ್ತಿ.

ಎರಡೂ 2666 ಆಗಿದ್ದರೆ 42.6 ಸಿಗುತ್ತಿತ್ತು. 38.4 ಮತ್ತು 42.6ರ ನಡುವಿನ ವ್ಯತ್ಯಾಸಕ್ಕೆ ಈಗ ದುಡ್ಡು ಹಾಕುವುದು ಬೇಡ ಅಂತ ನನ್ನ ಅಭಿಪ್ರಾಯ.

ಇನ್ನು ಸಿಎಲ್. ಕೇಳಿದ ಮಾಹಿತಿ ಕೊಡಲು ಎಷ್ಟು ಸುತ್ತು ಕಾಯಬೇಕು ಅನ್ನುವ ಸಂಖ್ಯೆ ಅದು. ಚಿಕ್ಕದಿದ್ದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಒಂದು ಸುತ್ತಿಗೆ ಎಷ್ಟು ಹೊತ್ತು ಅನ್ನುವುದನ್ನೂ ನೋಡಬೇಕು. ಸಿಎಲ್ ಅನ್ನು 2000ದಿಂದ ಗುಣಿಸಿ, ಸ್ಪೀಡ್‌ನಿಂದ ಭಾಗಿಸಿ. ಉತ್ತರ ನ್ಯಾನೋಸೆಕೆಂಡ್‌ನಲ್ಲಿ ಬರುತ್ತದೆ. 2400, ಸಿಎಲ್ 17 ಇದ್ದರೆ 14.17. 2666, ಸಿಎಲ್ 19 ಇದ್ದರೆ 14.25. 3200, ಸಿಎಲ್ 22 ಇದ್ದರೆ 13.75. ನೋಡಿ, ಮೂರೂ ಹೆಚ್ಚು ಕಡಿಮೆ ಒಂದೇ. 3200, ಸಿಎಲ್ 16ಕ್ಕೆ ಮಾತ್ರ 10 ಬರುತ್ತದೆ. ಗೇಮಿಂಗ್ ಸ್ಟಿಕ್‌ಗೆ ಬೆಲೆ ಜಾಸ್ತಿ ಇರುವುದು ಅದಕ್ಕೇ. ನಿಮ್ಮ ಬೋರ್ಡ್‌ನಲ್ಲಿ ಅದು ಸಿಗುವುದಿಲ್ಲ.

ತುಮಕೂರು ಎಂಜಿನಿಯರಿಂಗ್ ಹುಡುಗ

ಸಿಪಿಯು-ಝಡ್ ಅನ್ನುವ, ಕಂಪ್ಯೂಟರ್ ವಿವರ ತೋರಿಸುವ ಆಪ್‌ನಲ್ಲಿ ನನ್ನ 3200 ರ‍್ಯಾಮ್ 1600 ಅಂತ ತೋರಿಸುತ್ತಿದೆ. ಮೋಸ ಹೋದೆನಾ?

ಕರಾವಳಿ ಕೋಡರ್

ಇಲ್ಲ. ಅದು ಗಡಿಯಾರದ ಸ್ಪೀಡ್ ತೋರಿಸುತ್ತದೆ, 1600 ಮೆಗಾಹರ್ಟ್ಸ್. ಡಿಡಿಆರ್‌ನಲ್ಲಿ ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ದಾಟುತ್ತದೆ. ಎರಡರಿಂದ ಗುಣಿಸಿ, 3200 ಬರುತ್ತದೆ. ಟಾಸ್ಕ್ ಮ್ಯಾನೇಜರ್ ನೇರವಾಗಿ 3200 ಅಂತಲೇ ತೋರಿಸುತ್ತದೆ.

ಹುಬ್ಬಳ್ಳಿ ಪಿಸಿ ರಿಪೇರಿ

ಮೇಷ್ಟ್ರ ಲೆಕ್ಕ ನೂರಕ್ಕೆ ನೂರು ಸರಿ. ಸುಮ್ನೆ ಸಿಗುವ 2400 ಹಾಕಿ ನೋಡಿ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು. ಎಐ ಡೇಟಾ ಸೆಂಟರ್‌ಗಳಿಗೇ ಮೆಮೊರಿ ಜಾಸ್ತಿ ಹೋಗುತ್ತಿದೆ. ಇಂಥ ಹೊತ್ತಲ್ಲಿ ಕೈಯಲ್ಲಿರುವ ಸ್ಟಿಕ್ ಬಿಡಬೇಡಿ. ಡಿಸೈನ್ ಕೆಲಸಕ್ಕೆ ಮೊದಲು ಬೇಕಾದದ್ದು ಜಾಗ, ಆಮೇಲೆ ಚಾನೆಲ್, ಸ್ಪೀಡ್ ಕೊನೆಗೆ. 8 ಜಿಬಿ ತುಂಬಿದ ಮೇಲೆ ವಿಂಡೋಸ್ ಡಿಸ್ಕ್‌ಗೆ ಬರೆದು ಓದಲು ಶುರು ಮಾಡುತ್ತದೆ. ನಿಮ್ಮ ಮೌಸ್ ತಡವರಿಸುವುದು ಅದರಿಂದಲೇ ಇರಬೇಕು. ಅದರ ಮುಂದೆ 2400ಕ್ಕೂ 2666ಕ್ಕೂ ಇರುವ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಆದರೆ ತರುವ ಮೊದಲು ಗೆಳೆಯನ ಸ್ಟಿಕ್ ಮೇಲಿನ ಚೀಟಿಯ ಫೋಟೋ ತರಿಸಿಕೊಳ್ಳಿ. "ಪಿಸಿ4-2400ಟಿ" ಅಂತ ಇದ್ದು (ಈ ತರದ ಚೀಟಿಯಲ್ಲಿ ಸ್ಪೀಡ್ ನೇರವಾಗಿಯೇ ಇರುತ್ತದೆ, 8ರಿಂದ ಭಾಗಿಸಬೇಡಿ), ಆಮೇಲೆ ಬರುವ ಅಕ್ಷರ "ಯು" ಆಗಿದ್ದರೆ ಅದು ಸಾದಾ ಡೆಸ್ಕ್‌ಟಾಪ್ ಸ್ಟಿಕ್. "ಎಸ್" ಇದ್ದರೆ ಲ್ಯಾಪ್‌ಟಾಪಿನದು, ಗಿಡ್ಡ ಇರುತ್ತದೆ. "ಆರ್" ಇದ್ದರೆ ಸರ್ವರ್‌ನದು. ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ಆನ್‌ಲೈನ್ ಇರಲಿ, ಸೆಕೆಂಡ್ ಹ್ಯಾಂಡ್ ತಗೊಳ್ಳುವ ಎಲ್ಲರಿಗೂ ಈ ಮಾತು ಹೇಳುತ್ತೇನೆ. ಸರ್ವರ್ ಸ್ಟಿಕ್ ನೋಡಲು ಹಾಗೇ ಇರುತ್ತದೆ, ಸ್ಲಾಟ್‌ನಲ್ಲಿ ಕೂರುತ್ತದೆ ಕೂಡ. ಆದರೆ ಸಾದಾ ಡೆಸ್ಕ್‌ಟಾಪ್ ಬೋರ್ಡ್ ಅದರ ಜೊತೆ ಏಳುವುದೇ ಇಲ್ಲ.

ಮೈಸೂರು ರೈಝನ್

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನನ್ನದೂ ಇದೇ ತರದ ಪ್ರಶ್ನೆ. ರೈಝನ್ 5 7600, ಬಿ650 ಬೋರ್ಡ್. 16 ಜಿಬಿಯ ಎರಡು ಡಿಡಿಆರ್5 ಸ್ಟಿಕ್ 6000ದಲ್ಲಿ ಚೆನ್ನಾಗಿ ಓಡುತ್ತಿದ್ದವು. ವಿಡಿಯೋ ಎಡಿಟಿಂಗ್‌ಗೆ ಅಂತ ಅದೇ ಕಂಪನಿಯ, ಅದೇ ಮಾಡೆಲ್‌ನ ಇನ್ನೆರಡು ತಂದು ಹಾಕಿದೆ. ಈಗ ಎಕ್ಸ್‌ಪೋ (ಎಕ್ಸ್‌ಎಂಪಿ ತರದ್ದೇ ಎಎಂಡಿಯ ಸೆಟ್ಟಿಂಗ್) ಆನ್ ಮಾಡಿದರೆ ಸ್ಕ್ರೀನ್ ಬರುವುದೇ ಇಲ್ಲ. ಎಲ್ಲವೂ ಒಂದೇ ಮಾಡೆಲ್ ಆದರೂ ಯಾಕೆ ಹೀಗೆ?

ಹುಬ್ಬಳ್ಳಿ ಪಿಸಿ ರಿಪೇರಿ

ಸ್ಟಿಕ್‌ಗಳದ್ದು ತಪ್ಪಲ್ಲ. ಭಾರ ಬಿದ್ದಿರುವುದು ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಮೇಲೆ. ರೈಝನ್ 7000 ಸಾಲಿಗೆ ಎಎಂಡಿ ಕೊಟ್ಟಿರುವ ಲೆಕ್ಕ ನೋಡಿ: ಎರಡು ಸ್ಟಿಕ್ ಇದ್ದರೆ 5200, ನಾಲ್ಕು ಇದ್ದರೆ 3600. ನಿಮ್ಮ 6000 ಮೊದಲೇ ಎಕ್ಸ್‌ಪೋ ಬಲದಿಂದ ಬಂದದ್ದು. ನಾಲ್ಕು ಸ್ಟಿಕ್ ಇಟ್ಟುಕೊಂಡು ಅದೇ 6000 ಬೇಕು ಅಂದರೆ ಹೆಚ್ಚಿನ ಯಂತ್ರಗಳು ಒಪ್ಪುವುದಿಲ್ಲ.

ಡಬ್ಬದ ಮೇಲಿನ ಸ್ಪೀಡ್ ಆ ಡಬ್ಬದಲ್ಲಿರುವ ಜೋಡಿಗೆ ಮಾತ್ರ ಪರೀಕ್ಷೆ ಮಾಡಿದ್ದು. ಎರಡು ಡಬ್ಬ ಸೇರಿಸಿದರೆ ಆ ಮಾತು ಅನ್ವಯಿಸುವುದಿಲ್ಲ. ಮಾಡೆಲ್ ಒಂದೇ ಇದ್ದರೂ ಒಳಗಿನ ಚಿಪ್ ಬೇರೆ ಇರಬಹುದು.

ಹೊಸ ಜೋಡಿ ವಾಪಸ್ ಕೊಡಲು ಆಗುತ್ತದಾ ನೋಡಿ. 64 ಜಿಬಿ ಬೇಕೇ ಬೇಕು ಅಂದರೆ 32ರ ಎರಡು ಸ್ಟಿಕ್ ಇರುವ ಒಂದೇ ಡಬ್ಬ ತಗೊಳ್ಳಿ.

ಮೈಸೂರು ರೈಝನ್

ಇನ್ನೂ ವಾಪಸ್ ಅವಧಿ ಇದೆ, ಇವತ್ತೇ ಕೇಳುತ್ತೇನೆ. ಇನ್ನೊಂದು ಮಾತು. ನಾಲ್ಕೂ ಹಾಕಿ ಮೊದಲ ಸಲ ಆನ್ ಮಾಡಿದಾಗ ಐದು ನಿಮಿಷ ಸ್ಕ್ರೀನ್ ಕಪ್ಪಾಗಿತ್ತು. ಎದೆ ಧಸಕ್ ಅಂತು.

ಕರಾವಳಿ ಕೋಡರ್

ಅದು ಮೆಮೊರಿ ಟ್ರೇನಿಂಗ್. ಡಿಡಿಆರ್5 ಹೊಸದಾಗಿ ಹಾಕಿದಾಗ ಬೋರ್ಡ್ ಎಲ್ಲ ಸ್ಟಿಕ್‌ಗಳ ಸಮಯ ಹೊಂದಿಸಿಕೊಳ್ಳುತ್ತದೆ. ಕೆಲವು ನಿಮಿಷ ಹಿಡಿಯುತ್ತದೆ. ಆಗ ಪವರ್ ಬಟನ್ ಒತ್ತಿ ಆಫ್ ಮಾಡಬೇಡಿ, ಕಾಯಿರಿ. ಈ ವಿಷಯ ಗೊತ್ತಿಲ್ಲದೆ ಒಳ್ಳೆಯ ಬೋರ್ಡ್ ಹಾಳಾಗಿದೆ ಅಂತ ವಾಪಸ್ ಕಳಿಸಿದವರೂ ಇದ್ದಾರೆ.

ಮಂಡ್ಯದ ಮನೆ

ನಮ್ಮ ತಂಗಿ ಯಂತ್ರ ರೈಝನ್ 5 3600, ಬಿ450. 8ರ ಎರಡು ಸ್ಟಿಕ್, 3200. ಅವಳೂ ಇನ್ನೆರಡು ಹಾಕಬೇಕು ಅನ್ನುತ್ತಿದ್ದಾಳೆ. ಅದಕ್ಕೂ ಇದೇ ಗತಿಯಾ?

ಹುಬ್ಬಳ್ಳಿ ಪಿಸಿ ರಿಪೇರಿ

ಡಿಡಿಆರ್4ರಲ್ಲಿ ಅಷ್ಟು ಕಷ್ಟ ಇಲ್ಲ. ರೈಝನ್ 3000 ಸಾಲಿಗೆ ಎರಡು ಸ್ಟಿಕ್ ಇದ್ದರೆ 3200 ಅಂತ ಎಎಂಡಿ ಹೇಳಿದೆ. ಸಿಂಗಲ್ ರ‍್ಯಾಂಕ್‌ನ ನಾಲ್ಕು ಇದ್ದರೆ 2933, ಡ್ಯುಯಲ್ ರ‍್ಯಾಂಕ್‌ನ ನಾಲ್ಕು ಇದ್ದರೆ 2667. (ರ‍್ಯಾಂಕ್ ಅಂದರೆ ಸ್ಟಿಕ್ ಮೇಲಿನ ಚಿಪ್‌ಗಳ ಗುಂಪು.) ಎಷ್ಟೋ ಬೋರ್ಡ್‌ಗಳಲ್ಲಿ ನಾಲ್ಕೂ 3200ರಲ್ಲಿ ಓಡುವುದನ್ನು ನೋಡಿದ್ದೇನೆ. ಓಡದಿದ್ದರೆ 2933ಕ್ಕೆ ಇಳಿಸಿ, ನೆಮ್ಮದಿಯಾಗಿ ಇರುತ್ತದೆ. ಇಂಟೆಲ್ ಎಚ್310 ತರ ಅಲ್ಲ, ಬಿ450ರಲ್ಲಿ ಸ್ಪೀಡ್ ಕೈಯಿಂದ ಬದಲಾಯಿಸಬಹುದು. ಈಗ ಎರಡೇ ಇರುವಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ನಲ್ಲಿ ಇವೆಯಾ ನೋಡಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಅದೇ ಸರಿ. ಅಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಬೀಳುತ್ತವೆ.

ಲಗ್ನಪತ್ರಿಕೆ ದಾವಣಗೆರೆ

ಗೆಳೆಯನ ಸ್ಟಿಕ್ ತಂದೆ. ಚೀಟಿ ಮೇಲೆ 2400ಟಿ, ಯು ಅಂತಲೇ ಇತ್ತು. ಹಾಕಿ ಆನ್ ಮಾಡಿದರೆ ಬೀಪ್ ಬೀಪ್ ಬೀಪ್, ಸ್ಕ್ರೀನ್ ಇಲ್ಲ! ಗಾಬರಿ ಆಗಿದೆ. ನಾಳೆ ಬೆಳಿಗ್ಗೆ ಎರಡು ಪತ್ರಿಕೆ ಪ್ರೆಸ್‌ಗೆ ಹೋಗಬೇಕು.

ಹುಬ್ಬಳ್ಳಿ ಪಿಸಿ ರಿಪೇರಿ

ಗಾಬರಿ ಬೇಡ. ಸ್ವಿಚ್ ಆಫ್ ಮಾಡಿ, ಪವರ್ ವೈರ್ ಕಿತ್ತುಬಿಡಿ. ಗೆಳೆಯನ ಸ್ಟಿಕ್ ತೆಗೆಯಿರಿ. ಎಷ್ಟು ದಿನ ಹೊರಗೆ ಬಿದ್ದಿತ್ತು? ಚಿನ್ನದ ಬಣ್ಣದ ಪಿನ್‌ಗಳನ್ನು ಮೆತ್ತನೆಯ ಬಿಳಿ ರಬ್ಬರ್‌ನಿಂದ ಹಗುರವಾಗಿ ಒರೆಸಿ, ರಬ್ಬರ್ ಪುಡಿ ಪೂರ್ತಿ ತೆಗೆಯಿರಿ. ಐಸೊಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಅದು ಇನ್ನೂ ಒಳ್ಳೆಯದು. ಸ್ಲಾಟ್ ಒಳಗೆ ಬ್ರಷ್‌ನಿಂದ ಧೂಳು ತೆಗೆಯಿರಿ. ಆಮೇಲೆ ಸ್ಟಿಕ್ ಎರಡೂ ತುದಿಗೆ ಸಮವಾಗಿ ಒತ್ತಿ, ಕ್ಲಿಪ್ "ಟಕ್" ಅನ್ನಬೇಕು. ಮೊದಲು ಗೆಳೆಯನದ್ದು ಒಂದನ್ನೇ ಹಾಕಿ ನೋಡಿ, ಸರಿ ಇದ್ದರೆ ಎರಡೂ ಹಾಕಿ.

ಏನೂ ಆಗದಿದ್ದರೆ ನಿಮ್ಮ ಹಳೆಯ ಸ್ಟಿಕ್ ಒಂದನ್ನೇ ಹಾಕಿ ನಾಳೆಯ ಕೆಲಸ ಮುಗಿಸಿ. ಉಳಿದದ್ದು ಆಮೇಲೆ.

ಲಗ್ನಪತ್ರಿಕೆ ದಾವಣಗೆರೆ

ಬಂತು ಸರ್! ಒಂದು ಕಡೆ ಕ್ಲಿಪ್ ಸರಿಯಾಗಿ ಕೂತಿರಲಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ 16 ಜಿಬಿ, ಸ್ಪೀಡ್ 2400, ಸ್ಲಾಟ್ ಎರಡಕ್ಕೆ ಎರಡು.

ಲೆಕ್ಕದ ಮೇಷ್ಟ್ರು

ತುಂಬ ಸಂತೋಷ. ಒಂದು ಕೆಲಸ ಮಾತ್ರ ಬಾಕಿ ಇದೆ. ಸ್ಕ್ರೀನ್ ಬಂದ ಮಾತ್ರಕ್ಕೆ ರ‍್ಯಾಮ್ ಸರಿ ಇದೆ ಅಂತಲ್ಲ. ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 ಹಾಕಿ, ರಾತ್ರಿ ಅದರಿಂದ ಬೂಟ್ ಮಾಡಿ ಬಿಡಿ. ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತು ಪರೀಕ್ಷೆ ಮಾಡಬಹುದು. ಬೆಳಿಗ್ಗೆ ಒಂದೇ ಒಂದು ತಪ್ಪು ತೋರಿಸಿದರೂ ಆ ಸ್ಟಿಕ್ ಬಳಸಬೇಡಿ. ಕೆಟ್ಟ ರ‍್ಯಾಮ್ ಸದ್ದಿಲ್ಲದೆ ಫೈಲ್ ಹಾಳು ಮಾಡುತ್ತದೆ. ನಿಮ್ಮ ಹತ್ತಿರ ಇರುವುದು ಜನರ ಮನೆಯ ಫೋಟೋಗಳು, ಪತ್ರಿಕೆಗಳು. ಪ್ರೆಸ್‌ನಲ್ಲಿ ಅಚ್ಚಾದ ಮೇಲೆ ಗೊತ್ತಾದರೆ ಏನು ಮಾಡುತ್ತೀರಿ?

ಲಗ್ನಪತ್ರಿಕೆ ದಾವಣಗೆರೆ

ಖಂಡಿತ ಮಾಡುತ್ತೇನೆ. ಸೀಸನ್ ಮುಗಿದ ಮೇಲೆ 16 ಜಿಬಿಯ ಒಂದು ಸ್ಟಿಕ್ ತಗೊಂಡು ಗೆಳೆಯನದ್ದು ವಾಪಸ್ ಕೊಡಬೇಕು ಅಂತಿದೆ. 16 ಮತ್ತು 8 ಜೊತೆಗೆ ನಡೆಯುತ್ತದಾ?

ಕರಾವಳಿ ಕೋಡರ್

ನಡೆಯುತ್ತದೆ. 8ಕ್ಕೆ 8 ಜೋಡಿಯಾಗಿ 16 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತದೆ, ಉಳಿದ 8 ಸಿಂಗಲ್‌ನಲ್ಲಿ. ಇಂಟೆಲ್ ಇದಕ್ಕೆ ಫ್ಲೆಕ್ಸ್ ಮೆಮೊರಿ ಅನ್ನುತ್ತದೆ. 1.2 ವೋಲ್ಟ್‌ನ 2666 ಅಥವಾ 3200 ತಂದರೆ ಎರಡೂ 2666ರಲ್ಲಿ ಓಡುತ್ತವೆ.

ಲಗ್ನಪತ್ರಿಕೆ ದಾವಣಗೆರೆ

ರಾತ್ರಿ ಪೂರ್ತಿ ಟೆಸ್ಟ್ ಓಡಿತು. ನಾಲ್ಕು ಸುತ್ತು, ತಪ್ಪು ಸೊನ್ನೆ. ಬೆಳಿಗ್ಗೆ ಎರಡೂ ಪತ್ರಿಕೆ ಪ್ರೆಸ್‌ಗೆ ಹೋದವು. ಈಗ ಕೋರೆಲ್, ಫೋಟೋಶಾಪ್, ವಾಟ್ಸಾಪ್ ಮೂರೂ ತೆರೆದಿವೆ, 11 ಜಿಬಿ ಬಳಕೆ ತೋರಿಸುತ್ತಿದೆ. ಇಷ್ಟು ದಿನ 8ರಲ್ಲಿ ಹೇಗೆ ನಡೆಸಿದೆನೋ. ಗಿರಾಕಿ ಬಂದರು, ಗಣಪತಿ ದೊಡ್ಡದು ಮಾಡಬೇಕಂತೆ. ಮತ್ತೆ ಬರುತ್ತೇನೆ.